ಮೂಲೆಗೆ ಬಿದ್ದ ಅಕ್ಷರಗಳಿಗೆ ಕೆಲಸ

ಮಂಡ್ಯದ ಓದುಗರೊಬ್ಬರ ಪತ್ರ: 2022ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ಫುಟ್‌ಬಾಲ್ ವಿಶ್ವಕಪ್ ಗೆದ್ದ ರಾತ್ರಿ ನಾನು ಆ ತಂಡದ ಅಭಿಮಾನಿಯಾದೆ. ಅಲ್ಲಿನ ಅಭಿಮಾನಿಗಳೊಂದಿಗೆ ಹರಟುತ್ತಲೇ ಸ್ಪ್ಯಾನಿಷ್ ಕಲಿತೆ. ಗೆಳತಿಗೆ ಕೊರಿಯನ್ ಹಾಡುಗಳ ಹುಚ್ಚು. ಅವಳು ಹೀಗೆಯೇ ಕೊರಿಯನ್ ಕಲಿಯುತ್ತಿದ್ದಾಳೆ. ‘ತರಗತಿಯಿಲ್ಲ, ವ್ಯಾಕರಣವಿಲ್ಲ, ಪ್ರಮಾಣಪತ್ರವಿಲ್ಲ, ಇದೂ ಒಂದು ಕಲಿಕೆಯೇ?’ ಎನ್ನುತ್ತಾರೆ ಅಪ್ಪ. ಕನ್ನಡವನ್ನು ಬಿಟ್ಟು ಎಲ್ಲಿಗೋ ಹೋಗುತ್ತಿದ್ದೇನೆಯೇ ಎಂಬ ಅಳುಕು ನನಗೂ ಇದೆ.

ಸಂಪಾದಕರ ಉತ್ತರ: ಪತ್ರದ ಜೊತೆಗೆ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ನಕಲನ್ನೂ ಕಳಿಸಿದ್ದೀರಿ. ಎರಡು ದಿನದಿಂದ ಅದು ನನ್ನ ಮೇಜಿನ ಮೇಲೆಯೇ ಇದೆ. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದೀರಿ: ಮಗುವಿಗೆ ‘ನಿಞೊ’, ನಾಳೆಗೆ ‘ಮಞಾನ’. ಒಂದನೇ ತರಗತಿಯಲ್ಲಿ ‘ಚ ಛ ಜ ಝ ಞ’ ಎಂದು ಕೂಗಿ ಕಲಿತ ಮೇಲೆ ಆ ಕೊನೆಯ ಅಕ್ಷರವನ್ನು ಒಂಟಿಯಾಗಿ ಬರೆದವರು ನಮ್ಮಲ್ಲಿ ಎಷ್ಟು ಜನ? ಅದಕ್ಕೆ ನೀವು ಕೆಲಸ ಕೊಟ್ಟಿದ್ದೀರಿ.

ಅದರ ಕೆಳಗೆ ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ‘ನಾಯಿ’ ಎಂದು ಬರೆದು, ‘ಇಲ್ಲಿ ನಾಲಿಗೆ ಚೆನ್ನಾಗಿ ಅದುರಬೇಕು’ ಎಂದು ಗುರುತು ಹಾಕಿದ್ದೀರಿ. ನಮ್ಮ ಹಳಗನ್ನಡದಲ್ಲೂ ಎರಡು ರಕಾರಗಳಿದ್ದವು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಗಡುಸಾದ ಆ ಱಕಾರವನ್ನು ಶಕಟರೇಫ ಎಂದು ಕರೆದರು. ನಮ್ಮ ಬಾಯಿಂದ ಅದು ಜಾರಿಹೋಗಿ ಎಷ್ಟೋ ಶತಮಾನಗಳಾದವು. ಈಗ ನೀವು ಫುಟ್‌ಬಾಲ್‌ನ ದಾರಿಯಲ್ಲಿ ಹೋಗಿ ಅದರ ಬಾಗಿಲು ತಟ್ಟಿದ್ದೀರಿ. ಇದು ಕನ್ನಡ ಬಿಟ್ಟು ಹೋದವರು ಮಾಡುವ ಕೆಲಸವಲ್ಲ.

ವ್ಯಾಕರಣವಿಲ್ಲ ಎಂಬ ಮಾತನ್ನೂ ನಾನು ಒಪ್ಪಲಾರೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದನ್ನು ಅಪ್ಪನಿಗೆ ಹೇಳಿ ತೋರಿಸಿ. ಅಂದರೆ ‘ನನಗೆ ಕಾಫಿ ಇಷ್ಟ’. ಇಂಗ್ಲಿಷಿನಲ್ಲಿ ‘ನಾನು’ ಕರ್ತೃವಾಗಿ ಮುಂದೆ ನಿಲ್ಲಬೇಕು. ಸ್ಪ್ಯಾನಿಷಿನಲ್ಲಿ ಕನ್ನಡದ ಹಾಗೆ ‘ನನಗೆ’ ಎಂದರೆ ಸಾಕು. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’. ಯಾರು ಎಂಬುದನ್ನು ಕ್ರಿಯಾಪದದ ಕೊನೆಯೇ ಹೇಳುತ್ತದೆ. ನಿಮ್ಮ ಗೆಳತಿಯ ಕೊರಿಯನ್ನಿನಲ್ಲಂತೂ ಕ್ರಿಯಾಪದ ನಮ್ಮ ಹಾಗೆ ವಾಕ್ಯದ ಕೊನೆಗೇ ಬರುತ್ತದೆ, ಪ್ರತ್ಯಯ ನಾಮಪದದ ತುದಿಗೇ ಅಂಟಿಕೊಳ್ಳುತ್ತದೆ.

ಅಭಿಮಾನದಿಂದ ಭಾಷೆ ಬರುವುದು ನಮ್ಮೂರಿಗೆ ಹೊಸದೂ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅಣ್ಣ ರೇಡಿಯೊಗೆ ಕಿವಿಯಿಟ್ಟು ಹಿಂದಿ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ತಪ್ಪಿಹೋದ ಸಾಲಿಗೆ ಜಾಗ ಬಿಟ್ಟು, ಮುಂದಿನ ವಾರ ಅದೇ ಹಾಡು ಬಂದಾಗ ತುಂಬುತ್ತಿದ್ದ. ಅವನಿಗೆ ಹಿಂದಿ ಬಂದದ್ದು ಆ ಖಾಲಿ ಜಾಗಗಳಿಂದ.

ಸ್ಪ್ಯಾನಿಷಿನಲ್ಲಿ ಅಭಿಮಾನಿಗೆ ‘ಇಂಚ’ ಎನ್ನುತ್ತಾರಲ್ಲ, ಅದರ ಕಥೆ ಕೇಳಿದ್ದೀರಾ? ಉರುಗ್ವೆಯ ಮೊಂತೆವಿದೆಯೊ ನಗರದ ನಾಸಿಯೊನಾಲ್ ಕ್ಲಬ್‌ನಲ್ಲಿ ಚೆಂಡುಗಳಿಗೆ ಗಾಳಿ ತುಂಬುವವನೊಬ್ಬನಿದ್ದ, ಪ್ರುದೆನ್ಸಿಯೊ ಮಿಗೆಲ್ ರೆಯೆಸ್. ಪಂದ್ಯ ನಡೆಯುವಾಗ ಗಂಟಲು ಹರಿಯುವಂತೆ ಕೂಗಿ ತನ್ನವರನ್ನು ಹುರಿದುಂಬಿಸುತ್ತಿದ್ದ. ‘ಇಂಚಾರ್’ ಎಂದರೆ ಊದಿಸುವುದು. ಊದುವವನ ಹೆಸರೇ ಅಭಿಮಾನಿಗಳೆಲ್ಲರಿಗೂ ಬಂದಿತು ಎನ್ನುತ್ತಾರೆ.

ಆದರೆ ಒಂದು ಎಚ್ಚರ ಬೇಕು. ಮೈದಾನದ ಮಾತು ಗೆಳೆಯರ ನಡುವಿನದು. ಅರ್ಜೆಂಟೀನಾದವರು ‘ನೀನು’ ಎನ್ನುವುದಕ್ಕೆ ‘ವೊಸ್’ ಎನ್ನುತ್ತಾರೆ, ಸ್ಪೇನಿನವರು ‘ತೂ’ ಎನ್ನುತ್ತಾರೆ. ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೆದ್’ ಬೇಕು. ಸ್ಪೇನಿನಲ್ಲಿ ಬಸ್ ಹಿಡಿಯುವುದಕ್ಕೆ ದಿನವೂ ಬಳಸುವ ಒಂದು ಕ್ರಿಯಾಪದ ಅರ್ಜೆಂಟೀನಾದಲ್ಲಿ ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ. ಹೊಸ ಪದ ಸಿಕ್ಕಾಗಲೆಲ್ಲ ಇದನ್ನು ಯಾರು ಯಾರಿಗೆ ಹೇಳಬಹುದು ಎಂದು ಕೇಳಿ ಪಕ್ಕದಲ್ಲೇ ಬರೆದಿಡಿ. ನಿಮ್ಮ ಹಾಳೆಯಲ್ಲಿ ಆ ಒಂದು ಕಾಲಂ ಇಲ್ಲ.

ಪ್ರಮಾಣಪತ್ರ ಬೇಕೆಂದರೆ ಸ್ಪೇನಿನ ಸೆರ್ವಾಂತೆಸ್ ಸಂಸ್ಥೆಯ ‘ಡೆಲೆ’ ಎಂಬ ಸ್ಪ್ಯಾನಿಷ್ ಪರೀಕ್ಷೆಯಿದೆ. ತರಗತಿಗೆ ಹೋಗಿರಲೇಬೇಕೆಂಬ ನಿಯಮ ಅದಕ್ಕಿಲ್ಲ. ಮುಖಾಮುಖಿ ಮಾತಿಗೆ ಒಂದು ಭಾನುವಾರ ರೈಲು ಹತ್ತಿ ಮೈಸೂರಿಗೆ ಬನ್ನಿ. ಇಲ್ಲಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವವರಲ್ಲಿ ಸ್ಪ್ಯಾನಿಷ್ ಮನೆಮಾತಿನವರೂ ಇರುತ್ತಾರೆ. ಅಪ್ಪನನ್ನೂ ಕರೆತನ್ನಿ; ಎಳನೀರು ಕುಡಿಯುತ್ತ ಮಗಳ ಮಾತನ್ನು ಅವರೇ ಕೇಳಲಿ.

ನಿಮ್ಮ ಆ ಹಾಳೆಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವ ಆಸೆ ನನಗಿದೆ, ಒಪ್ಪಿಗೆ ಕೊಡಿ. ‘ಪೆರ್ರೊ’ವನ್ನು ‘ಪೆಱೊ’ ಎಂದು ತಿದ್ದಬಹುದೇ ಎಂಬುದನ್ನೂ ತಿಳಿಸಿ.