ಸಂಪಾದಕರ ಉತ್ತರ: ನಳದ ಹತ್ತಿರ ಆಡಿದ ಮಾತು ಚಿಲ್ಲರೆಯಲ್ಲ

ಜೇವರ್ಗಿ ತಾಲೂಕಿನಲ್ಲಿ ಕಿರಾಣಿ ಅಂಗಡಿ ನಡೆಸುವ ಓದುಗರೊಬ್ಬರು, ಹೆಸರು ಮತ್ತು ಊರು ಹಾಕಬೇಡಿ ಎಂದು ಕೇಳಿಕೊಂಡು ಹೀಗೆ ಬರೆದಿದ್ದಾರೆ: “ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಅವಧಿ ಮುಗೀತು. ಅಂಗಡಿಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳ್ತಾರ. ‘ನಮ್ಮ ಓಣಿಗೆ ಸಿ.ಸಿ. ರಸ್ತೆ ಮಾಡಿಸ್ಯಾಳ, ಇಂಥಾಕಿ ಮತ್ತ ಸಿಗಂಗಿಲ್ಲ’ ಅಂತ ಅಗಸಿ ಕಡೆಯವರು. ‘ಆಕಿ ಏನ್ ಮಾಡ್ಯಾಳ್ರಿ, ಎಲ್ಲಾ ಗಂಡಂದೇ ಕಾರಭಾರ’ ಅಂತ ಕಟ್ಟಿ ಮ್ಯಾಲೆ ಕೂತವರು. ತಾಂಡಾದ ಹೆಣ್ಣಮಕ್ಕಳು ‘ನಳದಾಗ ಗಟಾರ ವಾಸ್ನಿ ಬರೂದು ನಿಂತದ, ಖರೆ ಕೆಲಸ ಕೇಳಿದ್ರ ಚೀಟಿ ಕೊಡಲಿಲ್ಲ’ ಅಂತಾರ. ಇಂಥ ಚಿಲ್ಲರೆ ಮಾತು ಬಿಡ್ರಿ, ದೊಡ್ಡ ಕೆಲಸ ನೋಡಿ ಹೇಳ್ರಿ. ಬೀಳ್ಕೊಡುಗೆಗೆ ಶಾಲು, ಹಾರ, ಊಟ ಅಂತ ವಂತಿಗೆ ಕೇಳ್ಯಾರ. ಕೊಡಬೇಕೋ ಬ್ಯಾಡೋ?”

ಶರಣು. ಮೂರೂ ಕಡೆಯ ಮಾತನ್ನು ಬಣ್ಣ ಹಚ್ಚದೆ ಬರೆದು ಕಳಿಸಿದ್ದೀರಿ. ವರದಿಗಾರಿಕೆಯೇ ಕಸುಬಾಗಿರುವವರಲ್ಲೂ ಈ ನಿಯತ್ತು ಈಗ ಅಪರೂಪ. ಆದರೆ ನೀವು ಪಕ್ಕಕ್ಕೆ ಸರಿಸಿದ ಮೂರನೆಯ ಮಾತೇ ಅಧ್ಯಕ್ಷೆಯ ಕೆಲಸದ ಬಗ್ಗೆ ಇರುವ ಮಾತು. ಅದನ್ನು ಚಿಲ್ಲರೆ ಎಂದಿರಲ್ಲ, ನನ್ನ ತಕರಾರು ಇರುವುದು ಅಲ್ಲಿಯೇ.

ರಸ್ತೆಯ ಮಾತು ಮೊದಲು ಮುಗಿಸೋಣ. ಮಳೆಗಾಲದಲ್ಲಿ ಮೊಣಕಾಲುದ್ದ ರಾಡಿ ತುಳಿದವರಿಗೆ ಕಾಂಕ್ರೀಟ್ ಓಣಿ ಸುಖವೇ, ಅವರ ಸಂತೋಷವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಆ ರಸ್ತೆ ಯಾರದು? ರಸ್ತೆಯ ತುದಿಯ ಫಲಕದಲ್ಲಿ ಯೋಜನೆಯ ಹೆಸರು, ಮೊತ್ತ, ಕಾಮಗಾರಿ ಮಾಡಿದ ಸಂಸ್ಥೆ ಬರೆದಿರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಥವಾ ಶಾಸಕರ ಅನುದಾನ ಎಂದಿದ್ದರೆ ಅದರ ಹಣವೂ ಟೆಂಡರೂ ಪಂಚಾಯಿತಿಯ ಹೊರಗಿನವು. ಅಧ್ಯಕ್ಷೆ ಅಲ್ಲಿ ತೆಂಗಿನಕಾಯಿ ಒಡೆದಿರಬಹುದು, ಅಷ್ಟೆ. 15ನೇ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನ (ಯಾವುದಕ್ಕೆ ಖರ್ಚು ಮಾಡಬೇಕೆಂದು ಪಂಚಾಯಿತಿಯೇ ತೀರ್ಮಾನಿಸುವ ಹಣ) ಅಥವಾ ಉದ್ಯೋಗ ಖಾತ್ರಿಯ ಸಾಮಗ್ರಿ ವೆಚ್ಚ ಎಂದಿದ್ದರೆ ಆಗ ಅದು ಅವರ ಕೆಲಸ.

ಅವರದೇ ಆಗಿದ್ದರೆ ಟೇಪು ಹಿಡಿದು ಅಳೆಯಿರಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಎಂ20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟಿನ ಲೆಕ್ಕದಲ್ಲಿ 360 ಚೀಲ. ಅಂಚಿನಲ್ಲಿ ಮಣ್ಣು ಕೆದರಿ ನೋಡಿದರೆ ದಪ್ಪ 15 ಇದೆಯೋ 10 ಇದೆಯೋ ತಿಳಿಯುತ್ತದೆ. ಎರಿ (ಕಪ್ಪು) ಮಣ್ಣಿನ ಮೇಲೆ ಗರಸು ಹಾಕಿ ದಮ್ಮಸು ಮಾಡದೆ ಕಾಂಕ್ರೀಟ್ ಸುರಿದಿದ್ದರೆ, ಕನಿಷ್ಠ 7 ದಿನ ನೀರುಣಿಸದಿದ್ದರೆ, ನಾಲ್ಕೈದು ಮೀಟರಿಗೊಂದು ಸೀಳು ಕೊಯ್ಯದಿದ್ದರೆ, ಒಂದೇ ವರ್ಷದಲ್ಲಿ ಅಡ್ಡಾದಿಡ್ಡಿ ಬಿರುಕು ಬಿಡುತ್ತದೆ. ಅಳತೆ ಪುಸ್ತಕ ಬರೆಯುವವರು ಇಂಜಿನಿಯರರು. ಹಣ ಬಿಡುಗಡೆಗೆ ಸಹಿ ಮಾತ್ರ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷೆ ಇಬ್ಬರದೂ ಬೇಕು. ಸಹಿ ಮಾಡುವ ಮೊದಲು ಅವರು ಆ ಜಾಗಕ್ಕೆ ಹೋಗಿ ನೋಡಿದ್ದರೇ ಎಂಬುದೊಂದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಗಂಡನ ಕಾರಭಾರದ ಮಾತಿನಲ್ಲಿ ಸತ್ಯಾಂಶ ಇದ್ದೀತು. ನಮ್ಮ ಜಿಲ್ಲೆಯಲ್ಲಿ ಅದೇನು ಹೊಸದಲ್ಲ. ಆದರೆ ಹಾಗೆ ಆಡುವವರು ತಮ್ಮ ಅರ್ಜಿಯನ್ನು ಯಾರ ಕೈಗೆ ಕೊಟ್ಟು ಬಂದರು? ಗಂಡನನ್ನು ಹುಡುಕಿಕೊಂಡು ಹೋಗಿ, ಅವನಿಗೇ ಚಹಾ ಕುಡಿಸಿ, ಆಮೇಲೆ ಕಟ್ಟಿಯ ಮೇಲೆ ಕೂತು ಹೆಂಡತಿಗೆ ಸೊನ್ನೆ ಹಾಕುವುದು ನ್ಯಾಯವಲ್ಲ. ಪರೀಕ್ಷೆ ಮಾಡುವ ದಾರಿಗಳಿವೆ. ಹಣಕಾಸು ಆಯೋಗದ ಹಣ ಈಗ ಚೆಕ್ಕಿನಲ್ಲಿ ಹೋಗುವುದಿಲ್ಲ, ಡಿಜಿಟಲ್ ಸಹಿಯಲ್ಲಿ ಹೋಗುತ್ತದೆ. ಆ ಸಹಿ ಪೆನ್‌ಡ್ರೈವಿನಂಥ ಸಣ್ಣ ಕೀಲಿಯಲ್ಲಿರುತ್ತದೆ, ಅದಕ್ಕೊಂದು ಗುಪ್ತ ಸಂಖ್ಯೆ ಇರುತ್ತದೆ. ಅಧ್ಯಕ್ಷೆಯ ಕೀಲಿ ಅವರ ಬಳಿಯೇ ಇತ್ತೋ, ಗಂಡನ ಜೇಬಿನಲ್ಲಿತ್ತೋ, ಪಂಚಾಯಿತಿ ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುತ್ತಿತ್ತೋ? ಇದು ಕಚೇರಿಯ ಸಿಪಾಯಿಗೂ ಗೊತ್ತಿರುತ್ತದೆ. ಇನ್ನು ನಡಾವಳಿ ಪುಸ್ತಕ ತೆರೆಯಿರಿ. ಪ್ರತಿ ಸಭೆಯಲ್ಲೂ “ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂಬ ಒಂದೇ ಸಾಲು ಇದ್ದರೆ ಅಲ್ಲಿ ಚರ್ಚೆಯೇ ಆಗಿಲ್ಲ. ಒಂದು ಬಿಲ್ಲನ್ನು ತಡೆದದ್ದು, ಒಂದು ಕಾಮಗಾರಿಯನ್ನು ಬೇರೆ ಓಣಿಗೆ ಬದಲಿಸಿದ್ದು, ಒಂದು ಪ್ರಶ್ನೆಗೆ ಪಿಡಿಒ ಉತ್ತರ ಕೊಟ್ಟದ್ದು ದಾಖಲಾಗಿದ್ದರೆ ಆ ಕುರ್ಚಿಯಲ್ಲಿ ನಿಜವಾಗಿ ಒಬ್ಬ ಹೆಣ್ಣುಮಗಳು ಕೂತಿದ್ದಳು ಎಂದು ತಿಳಿಯಿರಿ.

ಈಗ ತಾಂಡಾದ ಮಾತಿಗೆ ಬರುತ್ತೇನೆ. ನಳದಲ್ಲಿ ಗಟಾರದ ವಾಸನೆ ತಾನಾಗಿ ನಿಲ್ಲುವಂಥದ್ದಲ್ಲ. ನಮ್ಮ ಹಳ್ಳಿಗಳಲ್ಲಿ ನೀರು ಬಿಡುವುದು ದಿನಕ್ಕೆ ಒಂದೆರಡು ತಾಸು, ಕೆಲವು ಕಡೆ ಎರಡು ದಿನಕ್ಕೊಮ್ಮೆ. ಬಿಟ್ಟಾಗ ಪೈಪಿನೊಳಗೆ ಒತ್ತಡವಿದ್ದು ಸೀಳಿನಿಂದ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆ ಇಳಿಯುತ್ತದೆ. ಆಗ ಖಾಲಿಯಾದ ಭಾಗ ಅದೇ ಸೀಳಿನಿಂದ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಗಟಾರ ಇದ್ದರೆ ಒಳಗೆ ಬರುವುದು ಗಟಾರದ ನೀರೇ. ಮೇಲಾಗಿ ಎರಿ ನೆಲ ಬ್ಯಾಸಗಿಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಉಸುಕು ಹಾಸದೆ ಹುಗಿದ ಪೈಪಿನ ಜೋಡಣೆಗಳು ಈ ಎಳೆದಾಟಕ್ಕೆ ಸಡಿಲಾಗುತ್ತವೆ. ಮನೆ ಸಂಪರ್ಕಕ್ಕಾಗಿ ಮುಖ್ಯ ಪೈಪಿಗೆ ತೂತು ಕೊರೆದು ಕಟ್ಟುವ ಸ್ಯಾಡಲ್ ಜಾಗ ಎಲ್ಲಕ್ಕಿಂತ ಮೊದಲು ಸೋರುತ್ತದೆ.

ಇದನ್ನು ಸರಿಪಡಿಸಬೇಕೆಂದರೆ ಯಾರ ಮನೆಯಲ್ಲಿ ಮೊದಲ ಕೊಡ ವಾಸನೆ ಬರುತ್ತದೆ ಎಂದು ಕೇಳುತ್ತಾ ಹೋಗಬೇಕು. ಒಂದೊಂದೇ ವಾಲ್ವ್ ಬಂದ್ ಮಾಡಿ ಯಾವ ಸಾಲಿನಲ್ಲಿ ದೋಷ ಎಂದು ಗುರುತಿಸಬೇಕು. ಅಗೆದು, ಸ್ಯಾಡಲ್ ಬದಲಿಸಿ, ಪೈಪನ್ನು ಗಟಾರಕ್ಕಿಂತ ಮೇಲಕ್ಕೂ ದೂರಕ್ಕೂ ಸರಿಸಿ, ಕೊನೆಗೆ ಇಡೀ ಸಾಲನ್ನು ಕ್ಲೋರಿನ್ ನೀರಿನಿಂದ ತೊಳೆದು ಹೊರಗೆ ಬಿಡಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಹೇಳಿತು. ಪೈಪು ಹುಗಿದವರು ಇಲಾಖೆಯ ಗುತ್ತಿಗೆದಾರರು. ಪಂಚಾಯಿತಿಗೆ ಹಸ್ತಾಂತರವಾದ ಮೇಲೆ ಅದರ ನಿರ್ವಹಣೆ ಪೂರ್ತಿ ಪಂಚಾಯಿತಿಯ ತಲೆಯ ಮೇಲೆ. ಇದಕ್ಕೆ ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ, ಫೋಟೋ ಇಲ್ಲ. ವಾಸನೆ ನಿಂತಿದೆ ಎಂದರೆ ಆ ಪಂಚಾಯಿತಿಯಲ್ಲಿ ಯಾರೋ ಪಟ್ಟು ಹಿಡಿದು ಕೆಲಸ ಮಾಡಿಸಿದ್ದಾರೆ. ಅದು ಅಧ್ಯಕ್ಷೆಯಾಗಿದ್ದರೆ ನಿಮ್ಮ ಇಡೀ ಊರು ಅವರಿಗೆ ಋಣಿ.

ಬ್ಲೀಚಿಂಗ್ ಪುಡಿಯ ಬಿಲ್ಲನ್ನೂ ನೋಡಿ. 50,000 ಲೀಟರಿನ ಮೇಲ್ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರುವುದರಿಂದ 300 ಗ್ರಾಂ ಸಾಕು. ಬಾಯಿ ತೆರೆದಿಟ್ಟ ಚೀಲದಲ್ಲಿ ಅದು ಆರಿ ಶೇ 25ಕ್ಕೆ ಇಳಿದರೆ 400 ಗ್ರಾಂ ಬೇಕಾಗುತ್ತದೆ. ದಿನಕ್ಕೊಮ್ಮೆ ತುಂಬುವ ಒಂದು ತೊಟ್ಟಿಗೆ ತಿಂಗಳಿಗೆ 9ರಿಂದ 12 ಕಿಲೋ ಆಯಿತು. ವರ್ಷಕ್ಕೆ 25 ಕಿಲೋದ ಚೀಲ ನಾಲ್ಕೈದು, ಹೆಚ್ಚೆಂದರೆ ಆರು. ವರ್ಷವಿಡೀ ಒಂದೇ ಚೀಲ ಖರೀದಿಸಿದ ಬಿಲ್ಲಿದ್ದರೆ ನೀರಿಗೆ ಔಷಧಿ ಬಿದ್ದಿಲ್ಲ. ಹದಿನೈದು ಚೀಲದ ಬಿಲ್ಲಿದ್ದರೆ ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ತೊಟ್ಟಿಗೆ ಹಾಕಿ, ಅರ್ಧ ತಾಸು ಬಿಟ್ಟು ನೀರು ಬಿಡಬೇಕು. ಒಣಪುಡಿಯನ್ನು ಹಾಗೇ ಎರಚಿದರೆ ತೊಟ್ಟಿಯ ತಳದಲ್ಲಿ ಸುಣ್ಣ ಸೇರುತ್ತದೆ, ನೀರಿಗೆ ಔಷಧಿ ಸರಿಯಾಗಿ ಬೆರೆಯುವುದಿಲ್ಲ. ಕೊನೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಪರೀಕ್ಷಾ ಕಿಟ್ಟಿನ ತರಬೇತಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಸಿಗಬೇಕು ಎಂದು ಮಿಷನ್ನಿನಲ್ಲೇ ಇದೆ. ನಿಮ್ಮ ಊರಿನ ಆ ಐವರು ಯಾರು ಎಂದು ಅಂಗಡಿಗೆ ಬರುವವರನ್ನು ಕೇಳಿ ನೋಡಿ. ಹಾಗೆಯೇ ಮೋಟರ್ ರಿವೈಂಡಿಂಗ್ ಬಿಲ್ಲುಗಳು. ಒಂದೇ ಬೋರಿನ ಮೋಟರ್ ವರ್ಷದಲ್ಲಿ ಮೂರು ಸಲ ಸುಟ್ಟಿದ್ದರೆ, ಒಂದು ಫೇಸ್ ಹೋದಾಗ ಮೋಟರನ್ನು ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿನಲ್ಲಿ ಯಾರೋ ತಪ್ಪಿಸಿಟ್ಟಿದ್ದಾರೆ, ಇಲ್ಲವೇ ಬೋರು ಬತ್ತಿ ಮೋಟರ್ ಖಾಲಿ ಓಡುತ್ತಿದೆ.

ಇನ್ನು ಚೀಟಿಯ ಮಾತು. ಇಲ್ಲಿ ಅಧ್ಯಕ್ಷೆಗೆ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಅವರ ಅವಧಿಯ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6 ಕೊಟ್ಟವರಿಗೆ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೊಡಲೇಬೇಕಿತ್ತು. ಆ ದಿನಾಂಕದಿಂದ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ರಾಜ್ಯದಲ್ಲಿ ಕೂಲಿ 2023-24ರಲ್ಲಿ 316, 2024-25ರಲ್ಲಿ 349, 2025-26ರಲ್ಲಿ 370 ರೂಪಾಯಿ. ಚೀಟಿ ಇಲ್ಲ ಎಂದರೆ ಅರ್ಜಿಯೇ ಬಂದಿಲ್ಲ ಎಂದು ಲೆಕ್ಕ. ಅರ್ಜಿ ಬಂದಿಲ್ಲ ಎಂದರೆ ಭತ್ಯೆಯೂ ಇಲ್ಲ, ಕಡತದಲ್ಲಿ ಆ ಊರಿಗೆ ಕೆಲಸವೇ ಬೇಕಾಗಿಲ್ಲ. ತೊಗರಿ ರಾಶಿ ಮುಗಿದ ಮೇಲೆ ತಾಂಡಾಗಳು ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಖಾಲಿಯಾಗುವ ಜಿಲ್ಲೆ ಇದು. ಜನವರಿಯಿಂದ ಮೇವರೆಗೆ ಎಷ್ಟು ಮಾನವ ದಿನ ಕೆಲಸ ಕೊಟ್ಟರು ಎಂಬ ಒಂದು ಅಂಕಿ ತೆಗೆಯಿರಿ. ಜೂನ್ ನಂತರದ ದಿನಗಳೇ ಹೆಚ್ಚಿದ್ದರೆ, ಊರು ಬಿಟ್ಟು ಹೋಗುವವರನ್ನು ತಡೆಯಲು ಆ ಕೆಲಸ ಆಗಿ ಬರಲಿಲ್ಲ.

ನೋಡಿ, ಆ ಹೆಣ್ಣುಮಕ್ಕಳು ಒಂದೇ ಉಸಿರಿನಲ್ಲಿ ಒಂದು ಮೆಚ್ಚುಗೆ ಕೊಟ್ಟಿದ್ದಾರೆ, ಒಂದು ತಪ್ಪು ಹಿಡಿದಿದ್ದಾರೆ. ಎರಡಕ್ಕೂ ಕಾಗದದಲ್ಲಿ ಸಾಕ್ಷಿ ಸಿಗುತ್ತದೆ. ಅವರಿಗೆ ಜಾತಿಯ ಹಂಗಿಲ್ಲ, ಗುಂಪಿನ ಹಂಗಿಲ್ಲ. ಆದರೂ ಅದು ಚಿಲ್ಲರೆ ಆಯಿತು. ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆ, ಅಜ್ಞಾನ, ಕೋಮುಭಾವನೆಗಳ ಗುಹೆ ಎಂದಾಗ ಹಲವರಿಗೆ ನೋವಾಗಿತ್ತು. ಊರ ಹೊರಗಿನ ತಾಂಡಾ ಮತ್ತು ಕೇರಿಯ ಮಾತು ಅಗಸಿಯೊಳಗೆ ಬರುವಷ್ಟರಲ್ಲಿ ತೂಕ ಕಳೆದುಕೊಳ್ಳುವುದನ್ನು ಕಂಡಾಗ ಅವರ ಎಚ್ಚರಿಕೆ ನನಗೆ ಇವತ್ತಿನದೇ ಅನಿಸುತ್ತದೆ. ನಮ್ಮ ರಾಜ್ಯ ಇದಕ್ಕೆ ಉತ್ತರ ಹುಡುಕಲು ದೇಶಕ್ಕಿಂತ ಮೊದಲೇ ಹೊರಟಿತ್ತು. ಪಂಚಾಯಿತಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯ್ದೆ, 1987ರ ಮಂಡಲ ಪಂಚಾಯಿತಿ ಚುನಾವಣೆ, ಹೆಣ್ಣುಮಕ್ಕಳಿಗೆ ಶೇ 25ರ ಮೀಸಲು, ಇವೆಲ್ಲ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗಿಂತ ಮುಂಚಿನವು. ಈಗ ಮೀಸಲು ಶೇ 50. ಕುರ್ಚಿ ಕೊಟ್ಟೆವು, ಕೇಳುವ ಕಿವಿ ಮಾತ್ರ ಇನ್ನೂ ಕೊಟ್ಟಿಲ್ಲ.

ಕುರ್ಚಿಯಾದರೂ ಎಷ್ಟು ದಿನದ್ದು? 2015ರ ತಿದ್ದುಪಡಿ ಅಧ್ಯಕ್ಷರಿಗೆ ಐದು ವರ್ಷ ಕೊಟ್ಟಿತ್ತು. 2020ರಲ್ಲಿ ಅದನ್ನು ಮತ್ತೆ 30 ತಿಂಗಳಿಗೆ ಇಳಿಸಿದರು. ಮೊದಲ ಆರು ತಿಂಗಳು ಲೆಕ್ಕಶೀರ್ಷಿಕೆ ಕಲಿಯುವುದಕ್ಕೆ, ಕೊನೆಯ ಆರು ತಿಂಗಳು ಮುಂದಿನವರ ರಾಜಕೀಯಕ್ಕೆ ಹೋದರೆ ಕೆಲಸಕ್ಕೆ ಉಳಿಯುವುದು ಒಂದೂವರೆ ವರ್ಷ. 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು, ಊರು ತಾನಾಗಿ ತೀರ್ಮಾನಿಸಬಹುದಾಗಿದ್ದದ್ದು ಶೇ 40 ಮಾತ್ರ. ಮೇಲಿನ ಹಂತದ ಕಥೆ ಇನ್ನೂ ಕಷ್ಟ. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಆ ಅಧಿಕಾರಿಗಳ ಅವಧಿಗೆ ಯಾವ ಕಟ್ಟಿಯ ಮೇಲೂ ಚರ್ಚೆ ಆಗಲಿಲ್ಲ, ಯಾವ ಅಂಗಡಿಯಲ್ಲೂ ಅಂಕ ಬೀಳಲಿಲ್ಲ. ಹಳ್ಳಿಯ ಹೆಣ್ಣುಮಗಳೊಬ್ಬಳ 30 ತಿಂಗಳಿಗೆ ಮಾತ್ರ ಊರೆಲ್ಲ ನ್ಯಾಯಾಧೀಶರು. ಇದು ನನ್ನನ್ನು ಬಹಳ ನೋಯಿಸುತ್ತದೆ.

ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ಮೊಬೈಲಿನಲ್ಲಿ ಇ-ಗ್ರಾಮ್‌ಸ್ವರಾಜ್ ತಾಣ ತೆರೆದು ಜಿಲ್ಲೆ, ತಾಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಕ್ರಿಯಾ ಯೋಜನೆ ಮತ್ತು ಪಾವತಿಗಳು ಕಾಣುತ್ತವೆ. ಯೋಜನೆಯಲ್ಲಿದ್ದು ಪಾವತಿಯಲ್ಲಿ ಇಲ್ಲದ್ದನ್ನು ಒಂದು ಕಾಗದದ ಮೇಲೆ, ಪಾವತಿಯಲ್ಲಿದ್ದು ಊರಲ್ಲಿ ಕಾಣದ್ದನ್ನು ಇನ್ನೊಂದರ ಮೇಲೆ ಬರೆಯಿರಿ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. “ಎಲ್ಲ ದಾಖಲೆ ಕೊಡಿ” ಎಂದು ಬರೆದರೆ ಅರ್ಜಿ ಮೂಲೆ ಸೇರುತ್ತದೆ. ಬದಲಿಗೆ ನಾಲ್ಕನ್ನು ಹೆಸರಿಟ್ಟು ಕೇಳಿ: ಅವಧಿಯ ನಡಾವಳಿ ಪುಸ್ತಕದ ನಕಲು, ಕುಡಿಯುವ ನೀರಿನ ಖರ್ಚಿನ ವೋಚರುಗಳು, ಕರದ ಬೇಡಿಕೆ-ವಸೂಲಿ-ಬಾಕಿ ತಖ್ತೆ, ಕೊನೆಯ ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳು. ಕರದ ತಖ್ತೆಯನ್ನು ನೋಡುವಾಗ ನಿಮ್ಮ ಅಂಗಡಿಯ ಬಾಕಿಯನ್ನೂ ನೋಡಿಕೊಳ್ಳಿ. ಜೆಸ್ಕಾಂನ ವಿದ್ಯುತ್ ಬಿಲ್ಲು ಕಟ್ಟಲು ಹಣವಿಲ್ಲದೆ ಬೀದಿದೀಪ ಆರಿದ ಊರುಗಳಲ್ಲಿ ಅಧ್ಯಕ್ಷರನ್ನು ಬೈಯುವವರ ಪೈಕಿ ಕರ ಬಾಕಿದಾರರು ಕಡಿಮೆ ಇರುವುದಿಲ್ಲ.

ವಂತಿಗೆ ಕೊಡಿ. ಹೋಗುವವರನ್ನು ಮರ್ಯಾದೆಯಿಂದ ಕಳಿಸುವುದು ನಮ್ಮ ಕಡೆಯ ರೂಢಿ, ಅದನ್ನು ಮುರಿಯುವುದು ಬೇಡ. ಕೊಡುವಾಗ ಒಂದು ಷರತ್ತು ಹಾಕಿ: ವೇದಿಕೆಯ ಮೇಲೆ ಮಾತಾಡುವವರ ಪಟ್ಟಿಯಲ್ಲಿ ತಾಂಡಾದ ಇಬ್ಬರು ಹೆಣ್ಣುಮಕ್ಕಳು ಇರಬೇಕು, ನೀರಿನ ಮಾತನ್ನೂ ಚೀಟಿಯ ಮಾತನ್ನೂ ಅವರೇ ಅಧ್ಯಕ್ಷೆಯ ಎದುರಿಗೆ ಆಡಬೇಕು, ಉತ್ತರ ಕೊಡಲು ಅಧ್ಯಕ್ಷೆಗೆ ಅಷ್ಟೇ ಹೊತ್ತು ಸಿಗಬೇಕು, ಉತ್ತರವನ್ನು ಗಂಡನ ಬಾಯಿಂದ ಯಾರೂ ಕೇಳಬಾರದು. ಅವರು ಹೇಳಿದ್ದನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.