ಸಾಂಬಾರ್‌ಗೂ ಸಂಭಾಜಿಗೂ ಸಂಬಂಧ ಇದೆಯಾ?

ಪ್ರಶ್ನೆ: ತಂಜಾವೂರಿನ ಮರಾಠ ದೊರೆ ಶಾಹಜಿಯ ಮನೆಗೆ ಶಿವಾಜಿಯ ಮಗ ಸಂಭಾಜಿ ಊಟಕ್ಕೆ ಬಂದಿದ್ದರಂತೆ. ಆಮಟಿಗೆ (ಮರಾಠರ ಹುಳಿ ಬೇಳೆಸಾರು) ಕೋಕಂ, ಅಂದರೆ ಪುನರ್ಪುಳಿ, ಸಿಗದೆ ಹುಣಸೆಹಣ್ಣು ಹಾಕಿದರಂತೆ. ಸಂಭಾಜಿಯ ನೆನಪಿಗೆ ಅದು 'ಸಾಂಬಾರ್' ಆಯಿತಂತೆ. ವಾಟ್ಸಾಪ್‌ನಲ್ಲಿ ಬಂದ ಈ ಕಥೆ ನಿಜಾನಾ? ನಮ್ಮಜ್ಜಿ ಮಾತ್ರ ಇವತ್ತಿಗೂ 'ಹುಳಿ' ಅಂತಲೇ ಅನ್ನೋದು.
– ಓದುಗರೊಬ್ಬರು, ಹಾಸನ

ಉತ್ತರ: ಕಥೆ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಮರಾಠರು ತಂಜಾವೂರು ಹಿಡಿದದ್ದು 1670ರ ದಶಕದಲ್ಲಿ. 'ಸಂಬಾರ' ಅನ್ನುವ ಮಾತು 1530ರ ಒಂದು ತಮಿಳು ಶಾಸನದಲ್ಲೇ ಸಿಗುತ್ತದೆ. ಅಂದರೆ ಸಂಭಾಜಿ ಹುಟ್ಟುವುದಕ್ಕೂ ನೂರಕ್ಕೂ ಜಾಸ್ತಿ ವರ್ಷ ಮೊದಲೇ ಪದ ಇತ್ತು.

ಅಷ್ಟು ದೂರ ಹೋಗುವುದೂ ಬೇಡ. 'ಸಾಂಬಾರ ಪದಾರ್ಥಗಳ ರಾಣಿ ಏಲಕ್ಕಿ' ಅಂತ ಶಾಲೆಯಲ್ಲಿ ಓದಿದ್ದೀರಿ, ಅಲ್ವಾ? ಅಲ್ಲಿ ಸಾಂಬಾರ ಅಂದರೆ ಮಸಾಲೆ. ಏಲಕ್ಕಿಯನ್ನು ಯಾರೂ ಬೇಳೆಗೆ ಹಾಕಿ ಸಾಂಬಾರ್ ಮಾಡುವುದಿಲ್ಲ! ಮೂಲ ಸಂಸ್ಕೃತದ 'ಸಂಭಾರ'. ಒಂದು ಕೆಲಸಕ್ಕೆ ಬೇಕಾದದ್ದನ್ನೆಲ್ಲ ಒಟ್ಟುಗೂಡಿಸಿ ಇಟ್ಟುಕೊಳ್ಳುವ ಸಾಮಾನು ಅಂತ ಅರ್ಥ. ನಮ್ಮ ಬಾಯಲ್ಲಿ ಭಕಾರ ಬಕಾರವಾಯಿತು. ಪೂಜೆಯ ಸಾಮಾನಿಗಿದ್ದ ಮಾತು ಅಡುಗೆಯ ಸಾಮಾನಿಗೂ ಬಂತು.

ಅಕ್ಕಪಕ್ಕದವರನ್ನು ಕೇಳಿ. ಕೇರಳದಲ್ಲಿ 'ಸಂಭಾರಂ' ಕೇಳಿದರೆ ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ ಕೊಡುತ್ತಾರೆ. ಗುಜರಾತಿನಲ್ಲಿ 'ಸಂಭಾರೊ' ಅಂದರೆ ಎಲೆಕೋಸು, ಕ್ಯಾರೆಟ್ ಹೆಚ್ಚಿ ಸಾಸಿವೆ ಒಗ್ಗರಣೆಯಲ್ಲಿ ಬಾಡಿಸಿದ್ದು. ಒಂದು ಕುಡಿಯೋದು, ಒಂದು ನೆಂಚಿಕೊಳ್ಳೋದು, ನಮ್ಮದು ಅನ್ನಕ್ಕೆ ಕಲಸೋದು. ಮೂರಕ್ಕೂ ಸಾಮಾನ್ಯವಾದದ್ದು ಬೇಳೆಯಲ್ಲ, ಹುಣಸೆಯಲ್ಲ, ಮಸಾಲೆ. ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ಹೆಸರು ಹಳೆಯದು ಅಂದ ಮಾತ್ರಕ್ಕೆ ಇವತ್ತು ನಾವು ಉಣ್ಣುವ ಸಾಂಬಾರೂ ಅಷ್ಟೇ ಹಳೆಯದು ಅಂತಲ್ಲ. ಕೊತ್ತಂಬರಿ ಬೀಜದ ಜೊತೆ ಹುರಿಯುವ ಆ ಒಣಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲಷ್ಟೇ ಅದು ನಮ್ಮ ಕಡೆ ಹರಡಿದ್ದು. ಅದಕ್ಕೂ ಮೊದಲು ಖಾರಕ್ಕೆ ಕಾಳುಮೆಣಸೇ ಗತಿ.

ಇನ್ನು ನಿಮ್ಮ ಅಜ್ಜಿಯ 'ಹುಳಿ'. ದಯವಿಟ್ಟು ಆ ಮಾತನ್ನು ಬಿಡಬೇಡಿ. ಹುಣಸೆಹಣ್ಣು ನೆನೆಸಿ, ಕಿವುಚಿ, ಆ ರಸ ಬೇಳೆಗೆ ಬಿದ್ದು ಕುದಿಯುವಾಗ ಅಡುಗೆಮನೆ ತುಂಬುವ ವಾಸನೆಯೇ ಹೇಳುತ್ತದೆ ಇದಕ್ಕೆ ಯಾಕೆ ಆ ಹೆಸರು ಅಂತ. ಒಬ್ಬರು ಅದನ್ನು ರುಚಿಯಿಂದ ಕರೆದರು, ಇನ್ನೊಬ್ಬರು ಮಸಾಲೆಯಿಂದ ಕರೆದರು. ಎರಡೂ ಸರಿ. ಹೋಟೆಲಿನ ಇಡ್ಲಿ ಜೊತೆ 'ಸಾಂಬಾರ್' ಎಲ್ಲರ ಬಾಯಿಗೆ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಡಬ್ಬಿಯ ಮೇಲೆ ಇನ್ನೂ 'ಹುಳಿಪುಡಿ' ಅಂತಲೇ ಬರೆದಿರುತ್ತದೆ. ಅದನ್ನು ನೋಡಿದಾಗ ನನಗೆ ತುಂಬ ಸಂತೋಷವಾಗುತ್ತದೆ.

ಹಾಗಂತ ಮರಾಠಿಯಿಂದ ನಮ್ಮ ಅಡುಗೆಮನೆಗೆ ಏನೂ ಬಂದಿಲ್ಲ ಅಂದುಕೊಳ್ಳಬೇಡಿ. 'ವಾಂಗಿಭಾತ್' ಪೂರ್ತಿ ಮರಾಠಿಯ ಮಾತೇ. ವಾಂಗಿ ಅಂದರೆ ಬದನೆಕಾಯಿ, ಭಾತ್ ಅಂದರೆ ಅನ್ನ. ಬಿಸಿಬೇಳೆಭಾತ್‌ನಲ್ಲಿ ಮೊದಲ ಎರಡು ನಮ್ಮವು, ಕೊನೆಯದು ಅವರದು. ನಾವು ಅಲ್ಲಿಗೇ ನಿಲ್ಲಲಿಲ್ಲ. ರವೆಗೂ ಭಾತ್ ಅಂತ ಹೆಸರಿಟ್ಟೆವು. ಬೆಂಗಳೂರಿನಲ್ಲಿ ಚೌಚೌಭಾತ್ ಕೇಳಿ ನೋಡಿ. ತಟ್ಟೆಯಲ್ಲಿ ಖಾರಾಭಾತ್, ಕೇಸರಿಭಾತ್ ಎರಡೂ ಇರುತ್ತವೆ, ಒಂದಗುಳು ಅನ್ನ ಇರುವುದಿಲ್ಲ.