ಜಾಗ್ವಾರ್ ಎಕ್ಸ್‌ಜೆ220, ಬುಗಾಟಿ ಇಬಿ110: ಎರಡರಲ್ಲಿ ಯಾವುದು ಮೇಲು?

90ರ ದಶಕದ ಈ ಎರಡು ಅಪರೂಪದ ಸೂಪರ್‌ಕಾರುಗಳಲ್ಲಿ ಒಂದನ್ನೇ ಆರಿಸಬೇಕಾದರೆ ಯಾವುದು ಅಂತ ಕೇಳಿದ್ದೀರಿ. ನನ್ನ ಓಟು ಬುಗಾಟಿಗೆ. ಆದರೆ ನೋಡೋಕೆ ಯಾವುದು ಚೆಂದ ಅಂತ ಕೇಳಿದ್ದರೆ ಜಾಗ್ವಾರ್ ಅನ್ನುತ್ತಿದ್ದೆ. ಅದರಷ್ಟು ಸೊಗಸಾದ ಮೈಕಟ್ಟು ಆ ಕಾಲದ ಬೇರೆ ಕಾರಿಗೆ ಇರಲಿಲ್ಲ.

ಜಾಗ್ವಾರ್‌ಗೆ ಅಂಟಿದ ಕೆಟ್ಟ ಹೆಸರು ಎಂಜಿನ್‌ನದು. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋನಲ್ಲಿ ತೋರಿಸಿದ ಮಾದರಿಯಲ್ಲಿ ವಿ12 (ಹನ್ನೆರಡು ಸಿಲಿಂಡರಿನ) ಎಂಜಿನ್ ಇತ್ತು, ಫೋರ್ ವೀಲ್ ಡ್ರೈವ್ ಇತ್ತು. 1992ರಲ್ಲಿ ಮಾರಾಟಕ್ಕೆ ಬಂದ ಕಾರಿನಲ್ಲಿ ಇದ್ದಿದ್ದು 3.5 ಲೀಟರ್ ವಿ6 (ಆರೇ ಸಿಲಿಂಡರ್), ಎರಡು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ), ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. 50,000 ಪೌಂಡ್ ಮುಂಗಡ ಕೊಟ್ಟು ಬುಕ್ ಮಾಡಿದ್ದ ಹಲವರು ಹಿಂದೆ ಸರಿದರು, ಜಗಳ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದಿತ್ತು. ಎಂಜಿನ್ ಬರೀ ನೆಪ ಅಂತ ನನ್ನ ಅನಿಸಿಕೆ. ಯಾಕೆಂದರೆ ಆ ವಿ6 ಸುಮ್ನೆ ತಂದು ಕೂರಿಸಿದ್ದಲ್ಲ. ಮೆಟ್ರೊ 6ಆರ್4 ರ‍್ಯಾಲಿ ಕಾರಿನ ಎಂಜಿನ್‌ನಿಂದ ಬೆಳೆದು ಬಂದದ್ದು, 542 ಅಶ್ವಶಕ್ತಿ ಕೊಡುತ್ತಿತ್ತು. 1992ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕ್‌ನಲ್ಲಿ ರೇಸ್ ಚಾಲಕ ಮಾರ್ಟಿನ್ ಬ್ರಂಡಲ್ ಇದನ್ನು ಗಂಟೆಗೆ 340 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡಿಸಿದರು.

ಈಗ ಬುಗಾಟಿ ನೋಡಿ. ಇದರದ್ದೂ 3.5 ಲೀಟರೇ! ಆದರೆ ಹನ್ನೆರಡು ಸಿಲಿಂಡರ್, ಒಂದೊಂದಕ್ಕೂ ಐದು ವಾಲ್ವ್, ಒಟ್ಟು 60. ಮೇಲೆ ನಾಲ್ಕು ಟರ್ಬೊ. ಕಾರ್ಬನ್ ಫೈಬರ್ ಚಾಸಿ (ಕಾರಿನ ಚೌಕಟ್ಟು) ಮಾಡಿಕೊಟ್ಟಿದ್ದು ಫ್ರಾನ್ಸಿನ ವಿಮಾನ ಕಂಪನಿ ಏರೋಸ್ಪಾಸಿಯಾಲ್. ಹುಚ್ಚುತನ ಅಲ್ವಾ? ರೊಮಾನೊ ಆರ್ಟಿಯೋಲಿ ಎಂಬ ಇಟಲಿಯ ಉದ್ಯಮಿ ಸತ್ತುಹೋಗಿದ್ದ ಬುಗಾಟಿ ಹೆಸರನ್ನು ಕೊಂಡು, ಮೊಡೆನಾ ಪಕ್ಕದ ಕಾಂಪೊಗಲ್ಲಿಯಾನೊದಲ್ಲಿ ಹೊಸ ಕಾರ್ಖಾನೆ ಕಟ್ಟಿಸಿ, ಮೂಲ ಕಂಪನಿಯ ಸ್ಥಾಪಕ ಎತ್ತೋರೆ ಬುಗಾಟಿಯ 110ನೇ ಜನ್ಮದಿನದಂದೇ, ಅಂದರೆ 1991ರ ಸೆಪ್ಟೆಂಬರ್ 15ಕ್ಕೆ, ಕಾರನ್ನು ಲೋಕಕ್ಕೆ ತೋರಿಸಿದ. ಹೆಸರಿನಲ್ಲಿ 110 ಬಂದಿದ್ದು ಹಾಗೆ. 1995ರಲ್ಲಿ ಕಂಪನಿ ದಿವಾಳಿಯಾಯಿತು.

ನಾನು ಬುಗಾಟಿ ಕಡೆ ವಾಲುವುದಕ್ಕೆ ಕಾರಣ ಅದರ ಫೋರ್ ವೀಲ್ ಡ್ರೈವ್. ಅಷ್ಟು ಶಕ್ತಿಯನ್ನು ಒದ್ದೆ ರಸ್ತೆಯಲ್ಲೂ ಧೈರ್ಯವಾಗಿ ಬಳಸಬಹುದು. ಸೈಜೂ ಅಳತೆಯಲ್ಲಿದೆ, ಉದ್ದ 4.4 ಮೀಟರ್. ಜಾಗ್ವಾರ್ 4.9 ಮೀಟರ್ ದಾಟುತ್ತದೆ, ಅಗಲವೂ ಜಾಸ್ತಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಅದನ್ನು ಪಾರ್ಕ್ ಮಾಡುವವರ ತೋಳಿಗೆ ದೇವರೇ ಗತಿ. ಅಂದಹಾಗೆ ಫಾರ್ಮುಲಾ ಒನ್ ಚಾಲಕ ಮೈಕಲ್ ಶೂಮಾಕರ್ ಕೂಡ ಹಳದಿ ಬಣ್ಣದ ಇಬಿ110 ಎಸ್‌ಎಸ್ (ಇದೇ ಕಾರಿನ ಇನ್ನೂ ಹಗುರ, ಇನ್ನೂ ಶಕ್ತಿಶಾಲಿ ಆವೃತ್ತಿ) ಕೊಂಡಿದ್ದರು.

ಸಾಕುವ ಮಾತಿಗೆ ಬಂದರೆ ಎರಡೂ ಕಷ್ಟವೇ. ಜಾಗ್ವಾರ್‌ನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಎಂಜಿನ್ನನ್ನೇ ಇಳಿಸಬೇಕು. ಬುಗಾಟಿಯನ್ನು ಬಿಚ್ಚಿ ಜೋಡಿಸಬಲ್ಲವರೇ ಕಡಿಮೆ, ಬಿಡಿಭಾಗ ಹುಡುಕುವುದೂ ಒಂದು ಸಾಹಸ. ಜಾಗ್ವಾರ್ ಸುಮಾರು 280 ತಯಾರಾದವು, ಬುಗಾಟಿ ಅದರ ಅರ್ಧದಷ್ಟು. ಹಾಗಾಗಿ ಹರಾಜಿನಲ್ಲಿ ಜಾಗ್ವಾರ್ ಬಹಳ ಅಗ್ಗಕ್ಕೆ ಸಿಗುತ್ತದೆ. ಈ ಮಟ್ಟದ ಕಾರಿಗೆ ಅಗ್ಗ ಅನ್ನುವ ಪದ ಬಳಸಬಹುದಾದರೆ!